ಮಣಿಕಟ್ಟಿನಲ್ಲಿ ಕರಗುವ ಸ್ಕ್ರೂ

ಹ್ಯಾನೋವರ್, 2 ಮಾರ್ಚ್ 2019

ಪ್ರೀತಿಯ ಅಜ್ಜ,

ನನಗೆ ಮದುವೆಯಾಯಿತು. ಇದನ್ನು ಎರಡನೆಯ ಸಾಲಿನವರೆಗೆ ಹಿಡಿದಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ಹೋದ ತಿಂಗಳು ಇಪ್ಪತ್ತೆರಡನೇ ತಾರೀಖು, ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ, ನೋಂದಣಿ ಕಚೇರಿಯಲ್ಲಿ, ಹೌಕೆಯ ಜೊತೆ. ಕ್ರಿಸ್‌ಮಸ್ ಕಾಗದದಲ್ಲಿ ಟ್ರಾಂ ಓಡಿಸುವ ಹುಡುಗನೊಬ್ಬನ ಬಗ್ಗೆ ನಾಲ್ಕು ಪುಟ ಬರೆದಿದ್ದೆನಲ್ಲ, ಅವನೇ. ಆ ನಾಲ್ಕು ಪುಟದಲ್ಲಿ ಬರೆದದ್ದೆಲ್ಲ ಈಗಲೂ ನಿಜ, ಇನ್ನೂ ಎಂಟು ಪುಟ ಸೇರಿಸಬಹುದು.

ಈ ಅಕ್ಷರ ನನ್ನದಲ್ಲ, ಅವನದು. ನಾನು ಹೇಳುತ್ತಿದ್ದೇನೆ, ಅವನು ಬರೆಯುತ್ತಿದ್ದಾನೆ. (ನಮಸ್ಕಾರ ಅಜ್ಜ. ಇವಳು ಬಹಳ ವೇಗವಾಗಿ ಹೇಳುತ್ತಾಳೆ. ಎಂಟು ಪುಟ ಬೇಡವೆಂದು ಬೇಡಿಕೊಂಡಿದ್ದೇನೆ. ಹೌಕೆ.)

ಕರೆಯಲಿಲ್ಲವೆಂದು ಕೋಪ ಬೇಡ. ಯಾರನ್ನೂ ಕರೆಯಲಿಲ್ಲ. ಜೂನ್ ತನಕ ಜಾಗವೇ ಇಲ್ಲ ಎಂದಿದ್ದ ಕಚೇರಿಯವರು ಸೋಮವಾರ ಇದ್ದಕ್ಕಿದ್ದಂತೆ ಫೋನ್ ಮಾಡಿ, ಯಾರೋ ಒಂದು ಜೋಡಿ ಮನಸ್ಸು ಬದಲಾಯಿಸಿದ್ದಾರೆ, ಶುಕ್ರವಾರ ಬರುತ್ತೀರಾ ಎಂದು ಕೇಳಿದರು. ಬರುತ್ತೇವೆ ಎಂದುಬಿಟ್ಟೆವು. ನೀನು ಆಗ ಜ್ವರದಲ್ಲಿ ಮಲಗಿದ್ದೆ. ಅಪ್ಪ ಅಮ್ಮ ಸಿಂಗಾಪುರದಲ್ಲಿದ್ದರು. ಅಪ್ಪನಿಗೆ ಇಂಗ್ಲಿಷಿನಲ್ಲಿ ಮಿಂಚಂಚೆ ಕಳಿಸಿದೆ. ನನ್ನನ್ನು ಆ ಇಂಗ್ಲಿಷ್ ಶಾಲೆಗಳಿಗೆ ಹಾಕಿದ ತಪ್ಪಿಗೆ ಅವರಿಗೆ ಅಷ್ಟು ಸಾಕು. ನಿನಗೆ ಮಾತ್ರ ಕಾಗದ, ಏಕೆಂದರೆ ಫೋನ್ ಮಾಡಿದರೆ ನೀನು "ಬರೆದು ಹಾಕು" ಎಂದು ಇಟ್ಟುಬಿಡುತ್ತೀಯ.

ಇನ್ನು ಕೈಯ ವಿಷಯ. ಗುರುವಾರ ಸಂಜೆ ಸ್ನೇಹಿತರೆಲ್ಲ ಅದೃಷ್ಟಕ್ಕೆಂದು ನಮ್ಮ ಅಂಗಳದಲ್ಲಿ ಹಳೆಯ ಪಿಂಗಾಣಿ ಒಡೆದರು. ಯಾರೋ ಒಂದು ಇಡೀ ಕೈತೊಳೆಯುವ ಬೇಸಿನ್ನನ್ನೇ ಹೊತ್ತು ತಂದಿದ್ದರು. ವಧುವರರು ಸೇರಿ ಗುಡಿಸಬೇಕಲ್ಲ, ಗುಡಿಸಿದೆವು. ಸೂಪಿನ ಪಾತ್ರೆಯ ಮುಚ್ಚಳವೊಂದು ನನ್ನ ಕಾಲಡಿ ಬಂತು, ಜಾರಿದೆ, ಬಲಗೈ ಊರಿದೆ. ಬರೀ ಉಳುಕು ಎಂದುಕೊಂಡು ಮಾರನೆಯ ದಿನ ಮದುವೆಯಾದೆ. ಮದುವೆಯ ಉಂಗುರ ಬಲಗೈಗೆ ಹಾಕಬೇಕಲ್ಲ, ಊದಿದ್ದರಿಂದ ಹೋಗಲಿಲ್ಲ, ನಿಶ್ಚಿತಾರ್ಥದ ಉಂಗುರದಂತೆ ಎಡಗೈಗೆ ಹಾಕಿದ. ಈಗ ಟ್ರಾಂನಲ್ಲಿ ಕಂಡವರೆಲ್ಲ ನನಗೆ ನಿಶ್ಚಿತಾರ್ಥದ ಶುಭಾಶಯ ಹೇಳುತ್ತಾರೆ, ಮದುವೆ ಯಾವಾಗ ಎಂದು ಕೇಳುತ್ತಾರೆ.

ಉಳುಕಲ್ಲ, ಹೆಬ್ಬೆರಳಿನ ಬುಡದಲ್ಲಿರುವ ದೋಣಿಯಾಕಾರದ ಪುಟ್ಟ ಎಲುಬು ಮುರಿದಿದೆ ಎಂದು ಆಮೇಲೆ ಗೊತ್ತಾಯಿತು. ಬುಧವಾರ ಶಸ್ತ್ರಚಿಕಿತ್ಸೆ ಮಾಡಿ ಒಂದು ಸ್ಕ್ರೂ ಹಾಕಿದರು. ಜೂನ್ ಹೊತ್ತಿಗೆ ಪಿಯಾನೋಗಳಿಗೆ ಶ್ರುತಿ ಕೂಡಿಸಬಹುದು ಎಂದು ಡಾಕ್ಟರ್ ಸೀವರ್ಸ್ ಹೇಳಿದ್ದಾರೆ. ಸಂಗೀತ ಶಾಲೆಯ ಪರೀಕ್ಷೆಗೆ ಮೂವತ್ತೆರಡು ಪಿಯಾನೋ ನನಗಾಗಿ ಕಾಯುತ್ತಿವೆ.

ಹೂಗುಚ್ಛದ ಬಗ್ಗೆ ಹೇಳಲೇ ಇಲ್ಲವಲ್ಲ. (ಹನ್ನೊಂದು ಸಾಲು ಬರುತ್ತಿದೆ. ಕ್ಷಮಿಸಿ.)

---

ಟುಟ್ಲಿಂಗನ್, 6 ಮಾರ್ಚ್ 2019

ರೀಕೆಗೂ ಹೌಕೆಗೂ,

ಒಳ್ಳೆಯದಾಗಲಿ. ಜ್ವರ ಹೋಯಿತು. ಸಂತೋಷವಾಗಿದೆ. ಎಷ್ಟು ಎಂದು ಬರೆಯಲು ನನಗೆ ಬರುವುದಿಲ್ಲ, ನಿನ್ನ ಅಜ್ಜಿ ಗೆರ್ಲಿಂಡ ಇದ್ದಿದ್ದರೆ ಅವಳು ಬರೆಯುತ್ತಿದ್ದಳು.

ಹುಡುಗನ ಅಕ್ಷರ ಓದಲು ಬರುತ್ತದೆ. ಗೆರೆಯಿಲ್ಲದ ಕಾಗದದಲ್ಲೂ ಸಾಲು ನೇರವಾಗಿದೆ. ಕಂಬಿಯ ಮೇಲೆ ಬಂಡಿ ಓಡಿಸುವವನಿಗೆ ಅದು ಇರಬೇಕಾದ್ದೇ.

ಕಾಗದದಲ್ಲಿ ಹೂಗುಚ್ಛದ ಬಗ್ಗೆ ಹನ್ನೊಂದು ಸಾಲಿದೆ. ಸ್ಕ್ರೂ ಬಗ್ಗೆ ಒಂದು. ಉದ್ದ ಎಷ್ಟು, ದಪ್ಪ ಎಷ್ಟು, ತಲೆ ಇದೆಯೋ ಇಲ್ಲವೋ, ಎಲ್ಲಿ ತಯಾರಾದದ್ದು? ನಲವತ್ತೊಂದು ವರ್ಷ ಲೇತ್ ಮುಂದೆ ನಿಂತು ಎಲುಬಿನ ಸ್ಕ್ರೂ ಮಾಡಿದವನು ತನ್ನ ಮೊಮ್ಮಗಳ ಕೈಯೊಳಗೆ ಯಾವುದಿದೆ ಎಂದು ಕೇಳಬಾರದೆ?

ಮುಂದಿನ ವರ್ಷ ಅದನ್ನು ತೆಗೆಯುವಾಗ ಒಂದು ಕೆಲಸ ಮಾಡು. ಅರಿವಳಿಕೆ ಕೊಡುವ ಮುಂಚೆಯೇ ನರ್ಸಿಗೆ ಹೇಳಿಡು, ತೊಳೆದು ಚೀಲದಲ್ಲಿ ಹಾಕಿ ಕೊಡುತ್ತಾರೆ. ಅದನ್ನು ಇಲ್ಲಿಗೆ ಕಳಿಸು. ನನ್ನ ಪೆಟ್ಟಿಗೆಯಲ್ಲಿ ನಿನ್ನ ಅಪ್ಪನ ಮೊಣಕಾಲ ಕೆಳಗಿನ ಆರೂ ಇವೆ, ನನ್ನ ಹಿಮ್ಮಡಿಯ ಎರಡಿವೆ, ಪಕ್ಕದ ಮನೆಯ ಶ್ರೀಮತಿ ಎಪ್ಲೆ ಅವರ ಸೊಂಟದ ಮೊಳೆಯೂ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಮಾಡಿದವನು ಆ ದಿನ ಸರಿಯಾಗಿ ನಿದ್ದೆ ಮಾಡಿದ್ದನೋ ಇಲ್ಲವೋ ಎಂದೂ ಹೇಳಬಲ್ಲೆ. ನಿನಗೂ ಒಂದು ಖಾನೆ ಮಾಡಿ ಹಸಿರು ಬಟ್ಟೆ ಅಂಟಿಸಿದ್ದೇನೆ.

ಅಜ್ಜ ಓಟ್ಮಾರ್

---

ಹ್ಯಾನೋವರ್, 17 ಮಾರ್ಚ್ 2019

ಪ್ರೀತಿಯ ಅಜ್ಜ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಅಷ್ಟು ದಿನವೂ ನಾನು ಮನೆಗೆ ಪರದೆ ಆರಿಸುವುದರಲ್ಲಿ, ಹೌಕೆಯ ಅಂಗಿಗಳನ್ನು ಬಣ್ಣದ ಪ್ರಕಾರ ಜೋಡಿಸುವುದರಲ್ಲಿ, ಅವನು ಓಡಿಸುವ ಒಂಬತ್ತನೇ ನಂಬರಿನ ಟ್ರಾಂನಲ್ಲಿ ಸುಮ್ಮನೆ ಈ ತುದಿಯಿಂದ ಆ ತುದಿಗೆ ಹೋಗಿಬರುವುದರಲ್ಲಿ ಎಷ್ಟು ಮುಳುಗಿದ್ದೆನೆಂದರೆ ಉತ್ತರ ಬರೆಸಲಾಗಲಿಲ್ಲ. ಇದು ಅರ್ಧ ಸುಳ್ಳು. ನೀನು ಕೇಳಿದ್ದಕ್ಕೆ ಉತ್ತರ ಹೇಳಲು ಹೆದರಿದ್ದೆ.

ಹೌಕೆ ನಿನ್ನೆ ಊಟ ಮಾಡುತ್ತ ಹೇಳಿದ: "ಹೇಳ್ಬಿಡೇ. ಇಲ್ದಿದ್ರೆ ಮುಂದಿನ ವರ್ಷ ಅಜ್ಜಂಗೆ ಏನ್ ಕಳಿಸ್ತೀಯ, ಖಾಲಿ ಚೀಲಾನಾ?"

ಅಜ್ಜ, ಸ್ಕ್ರೂ ಇಪ್ಪತ್ತೆರಡು ಮಿಲಿಮೀಟರ್ ಉದ್ದ, ಮೂರು ಚಿಲ್ಲರೆ ದಪ್ಪ, ತಲೆಯಿಲ್ಲ, ಎರಡೂ ತುದಿಯಲ್ಲಿ ಥ್ರೆಡ್ ಇದೆ. ಸ್ಟೀಲಿನದಲ್ಲ. ಟೈಟಾನಿಯಂ ಕೂಡ ಅಲ್ಲ. ಮೆಗ್ನೀಸಿಯಂ. ಅದನ್ನು ಯಾರೂ ತೆಗೆಯುವುದಿಲ್ಲ. ಒಂದೆರಡು ವರ್ಷದಲ್ಲಿ ಅದು ತಾನೇ ಕರಗಿ ಹೋಗುತ್ತದೆ, ಅದಿದ್ದ ಜಾಗದಲ್ಲಿ ಎಲುಬು ಬೆಳೆಯುತ್ತದೆ. ಸ್ಟೀಲ್ ಹಾಕಿದರೆ ವರ್ಷ ಬಿಟ್ಟು ಇನ್ನೊಮ್ಮೆ ಕುಯ್ಯಬೇಕು, ಇದಾದರೆ ತೆಗೆಯುವ ಕೆಲಸವನ್ನು ನಿಮ್ಮ ಮೈಯೇ ಮಾಡುತ್ತದೆ ಎಂದು ಡಾಕ್ಟರ್ ಸೀವರ್ಸ್ ವಿವರಿಸಿದರು. ನನ್ನ ಮೈಗೆ ಒಂದು ಕೆಲಸ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಯಿತು. ಆ ಲೋಹ ನಾವು ತಿನ್ನುವ ರೈ ಬ್ರೆಡ್ಡಿನಲ್ಲೂ ಬಾದಾಮಿಯಲ್ಲೂ ಇದೆಯಂತೆ.

ತಮಾಷೆ ಕೇಳು. ಹೊರಗೆ ಬರುವಾಗ ಕೌಂಟರಿನಲ್ಲಿ ಒಂದು ಚೀಟಿ ಕೊಟ್ಟರು: ಮುಂದಿನ ವರ್ಷ ಮಾರ್ಚ್ ನಾಲ್ಕಕ್ಕೆ ಲೋಹ ತೆಗೆಯಲು ಬರಬೇಕು. ಅಷ್ಟು ಹೊತ್ತಿಗೆ ತೆಗೆಯಲು ಹೆಚ್ಚೇನೂ ಇರುವುದಿಲ್ಲವಲ್ಲ ಎಂದೆ. "ಇರ್ಲಿ ಬನ್ನಿ, ಕಂಪ್ಯೂಟರಲ್ಲಿ ಹಾಕಾಗಿದೆ" ಎಂದರು.

ಖಾನೆ ಮಾಡಿ ಹಸಿರು ಬಟ್ಟೆ ಅಂಟಿಸಿದ್ದೀಯ ಎಂದು ಓದಿದಾಗ ಅತ್ತೆ. ಸ್ವಲ್ಪ. (ಸ್ವಲ್ಪವಲ್ಲ. ಹೌಕೆ.)

ಸಿಟ್ಟಾಗಬೇಡ.

ನಿನ್ನ ರೀಕೆ

---

ಟುಟ್ಲಿಂಗನ್, 21 ಮಾರ್ಚ್ 2019

ರೀಕೆಗೆ,

ಕಾಗದ ತಲುಪಿತು. ಮೆಗ್ನೀಸಿಯಂ. ಆ ಲೋಹ ನನಗೆ ಗೊತ್ತು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಈ ವಾರ ಮೆಟ್ಟಿಲು ಗುಡಿಸುವ ಸರದಿ ನನ್ನದು.

ಓಟ್ಮಾರ್

---

ಹ್ಯಾನೋವರ್, 5 ಏಪ್ರಿಲ್ 2019

ಪ್ರೀತಿಯ ಅಜ್ಜ,

ಎರಡು ವಾರವಾಯಿತು. "ಅಜ್ಜ ಓಟ್ಮಾರ್" ಅಂತಲೂ ಇಲ್ಲ, ಬರೀ "ಓಟ್ಮಾರ್". ಹೌಕೆ ಆ ಕಾರ್ಡನ್ನು ಮುಂದಿನಿಂದ ಹಿಂದಿನಿಂದ ಓದಿದ, ಮೆಟ್ಟಿಲಿನ ಸಾಲಿನಲ್ಲಿ ಏನಾದರೂ ಒಳ ಅರ್ಥ ಇರಬಹುದೇ ಎಂದು ಕೇಳಿದ. ಇಲ್ಲ, ನಮ್ಮ ಕಡೆ ಮೆಟ್ಟಿಲೆಂದರೆ ಮೆಟ್ಟಿಲೇ ಎಂದೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ನಲವತ್ತೊಂದು ವರ್ಷ ನೀನು ಎಂದೂ ಕರಗದ್ದನ್ನು ಮಾಡಿದೆ. ನಾನು ಹೋಗಿ ಕರಗುವುದನ್ನು ಹಾಕಿಸಿಕೊಂಡು ಬಂದೆ. ಮದುವೆಗೂ ಕರೆಯಲಿಲ್ಲ. ಎರಡೂ ಸೇರಿ ಜಾಸ್ತಿಯಾಯಿತು.

ಮೊನ್ನೆ ಫೋನ್ ಮಾಡಿದೆ. ಶ್ರೀಮತಿ ಎಪ್ಲೆ ಎತ್ತಿದರು. "ಏನ್ ಹೇಳ್ಲಮ್ಮ, ಅಡುಗೆಮನೆ ಬಾಗ್ಲು ಹಾಕ್ಕೊಂಡು ಕೂತಿರ್ತಾರೆ. ನನ್ನ ಜೆಲ್ಲಿ ಬಟ್ಟಲು ತಗೊಂಡು ಹೋದವ್ರು ವಾಪಸ್ ಕೊಟ್ಟಿಲ್ಲ. ಉಪ್ಪಿನಕಾಯಿ ಭರಣಿನೂ ಹೋಯ್ತು" ಎಂದರು. ನೀನು ಯಾರ ಹತ್ತಿರವೂ ಮಾತಾಡುತ್ತಿಲ್ಲವಂತೆ. ಅಜ್ಜ, ಬಾಗಿಲು ಹಾಕಿಕೊಂಡು ಹಂದಿಕಾಲಿನ ಜೆಲ್ಲಿ ತಿನ್ನುವಷ್ಟು ದುಃಖವೇ?

ಹತ್ತನೇ ತಾರೀಖು ಎಕ್ಸ್-ರೇ ಇದೆ. ಎಲ್ಲ ಚೆನ್ನಾಗಿದೆ ಎಂದು ಬಂದ ಮೇಲೆ ನಾವಿಬ್ಬರೂ ಅಲ್ಲಿಗೇ ಬಂದು ನಿನ್ನ ಮೆಟ್ಟಿಲು ಗುಡಿಸಿ ರಾಜಿ ಮಾಡಿಕೊಳ್ಳುತ್ತೇವೆ.

ರೀಕೆ

---

ಹ್ಯಾನೋವರ್, 11 ಏಪ್ರಿಲ್ 2019

ಪ್ರೀತಿಯ ಅಜ್ಜ,

ನೀನು ಗೆದ್ದೆ. ಇದರ ಜೊತೆ ಎರಡು ಎಕ್ಸ್-ರೇ ಚಿತ್ರ ಇಟ್ಟಿದ್ದೇನೆ. ಒಂದು ಸ್ಕ್ರೂ ಹಾಕಿದ ಎರಡು ದಿನಕ್ಕೆ ತೆಗೆದದ್ದು, ಇನ್ನೊಂದು ನಿನ್ನೆಯದು. ಎರಡನೆಯದರಲ್ಲಿ ಸ್ಕ್ರೂ ಸುತ್ತ ಕಪ್ಪು ಉಂಗುರ ಕಾಣುತ್ತದೆಯಲ್ಲ? ಅಲ್ಲಿ ಎಲುಬಿಲ್ಲ ಎಂದರ್ಥವಂತೆ. ಸ್ಕ್ರೂ ಸಡಿಲವಾಗಿದೆ, ಸುತ್ತ ಎಲುಬು ತಿಂದುಹೋಗಿದೆ, ಸೋಂಕೂ ಇರಬಹುದು.

ಡಾಕ್ಟರ್ ಸೀವರ್ಸ್ ಈಸ್ಟರ್ ಮುಗಿಯುವ ತನಕ ರಜೆಯಲ್ಲಿದ್ದಾರೆ. ಅವರ ಬದಲು ಡಾಕ್ಟರ್ ಕ್ನೂಪ್ ನೋಡಿದರು. ಬಿಳಿ ಮೀಸೆ, ಒಳ್ಳೆಯ ಮನುಷ್ಯ, ಮೂವತ್ತು ವರ್ಷದಿಂದ ಎಲುಬಿನ ಕೆಲಸದಲ್ಲಿದ್ದಾರೆ. ಚಿತ್ರವನ್ನು ಬೆಳಕಿಗೆ ಹಿಡಿದು, "ಇದು ಇಲ್ಲಿರೋ ಹಾಗಿಲ್ಲಮ್ಮ" ಎಂದರು. ಏಪ್ರಿಲ್ ಇಪ್ಪತ್ತೊಂಬತ್ತು, ಸೋಮವಾರಕ್ಕೆ ಇನ್ನೊಂದು ಶಸ್ತ್ರಚಿಕಿತ್ಸೆ. ಉಳಿದ ಮೆಗ್ನೀಸಿಯಂ ತೆಗೆದು, ಸೊಂಟದಿಂದ ಚೂರು ಎಲುಬು ತಂದು ತುಂಬಿ, ಸ್ಟೀಲಿನದು ಹಾಕುತ್ತಾರೆ.

ಯಾವ ಸ್ಟೀಲ್ ಎಂದು ನೀನೇ ಆರಿಸಿ ಬರೆ. ಹಸಿರು ಬಟ್ಟೆ ವ್ಯರ್ಥವಾಗುವುದಿಲ್ಲ, ನೋಡು. ಪಿಯಾನೋಗಳು ಒಂದು ವರ್ಷ ಕಾದರೆ ಏನೂ ಕೆಡುವುದಿಲ್ಲ. ಅಷ್ಟರಲ್ಲಿ ಹೌಕೆ ನನಗೆ ಆಮ್ಲೆಟ್ ಮಾಡುವುದು ಕಲಿಸುತ್ತಾನೆ. ನಾವು ಬಹಳ ಸುಖವಾಗಿದ್ದೇವೆ.

ನಿನ್ನ ರೀಕೆ

(ಬೇರೆ ಚೀಟಿಯಲ್ಲಿ)

ಅಜ್ಜನವರಿಗೆ,

ಇದನ್ನು ಲಕೋಟೆಗೆ ಹಾಕಿರುವುದು ರೀಕೆಗೆ ಗೊತ್ತಿಲ್ಲ. ಆಮ್ಲೆಟ್ ಸಾಲಿನವರೆಗೆ ಅವಳು ನಗುತ್ತಲೇ ಹೇಳಿ ಬರೆಸಿದಳು. ಆ ಪುಟ್ಟ ಎಲುಬನ್ನು ಎರಡನೆಯ ಸಲ ತೆರೆದರೆ ಮಣಿಕಟ್ಟು ಮುಂಚಿನಷ್ಟು ಮಡಿಸಲು ಬಾರದೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದನ್ನು ಬರೆಸಲಿಲ್ಲ. ಶ್ರುತಿ ಕೀಲಿ ತಿರುಗಿಸುವವಳಿಗೆ ಕೂದಲೆಳೆಯಷ್ಟು ತಿರುಗಿಸಿ ಅಲ್ಲೇ ನಿಲ್ಲಿಸುವ ಮಣಿಕಟ್ಟು ಬೇಕು. ಇವಳಿಗೆ ಅದೇ ಹೊಟ್ಟೆಪಾಡು, ಅದೇ ಹುಚ್ಚು. ನಿನ್ನೆ ಆ ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು ಅಲಮಾರಿನ ಮೇಲೆ, ತನ್ನ ಕೈಗೆಟುಕದ ಜಾಗಕ್ಕೆ ಹಾಕಲು ನನಗೆ ಹೇಳಿದಳು.

ನೀವು ಸಿಟ್ಟಿನಲ್ಲಿದ್ದರೂ ಪರವಾಗಿಲ್ಲ, ಅವಳಿಗೆ ಒಂದು ಸಾಲು ಬರೆಯಿರಿ.

ಹೌಕೆ

---

ಟುಟ್ಲಿಂಗನ್, 15 ಏಪ್ರಿಲ್ 2019

ರೀಕೆ,

ಸ್ಟೀಲ್ ಆರಿಸಿ ಕೊಡುವುದಿಲ್ಲ. ಸ್ಕ್ರೂ ಹಾಕಿದ ಡಾಕ್ಟರು ನೋಡುವ ತನಕ ಕೈ ಕುಯ್ಯಲು ಬಿಡಬೇಡ. ಕಾರಣ ಕೆಳಗಿದೆ. ಉದ್ದವಾಗುತ್ತದೆ, ಕುಳಿತು ಓದು.

ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ಅದನ್ನು ಬರೆಯಲು ಬಾರದೆ ಮೆಟ್ಟಿಲಿನ ಬಗ್ಗೆ ಬರೆದೆ.

1963ರಲ್ಲಿ ನಾನು ಒಂದು ವರ್ಷ ನೀನಿರುವ ಊರಿನಲ್ಲೇ ಇದ್ದೆ. ನಿನ್ನ ಅಜ್ಜಿಯ ಹೊರತು ಯಾರಿಗೂ ಗೊತ್ತಿಲ್ಲ. ಕಾರಿನ ಎಂಜಿನ್ ಪೆಟ್ಟಿಗೆ ಮಾಡುವ ಕಾರ್ಖಾನೆ, ಲೋಹ ಮೆಗ್ನೀಸಿಯಂ. ಲೇತಿನಿಂದ ಬೀಳುವ ಅದರ ತೆಳು ಸುರುಳಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗಂಟೆಗೊಮ್ಮೆ ಗುಡಿಸಬೇಕು, ಪಕ್ಕದಲ್ಲಿ ಒಣಮರಳಿನ ಬಕೆಟ್ ಇರಬೇಕು, ನೀರು ಮಾತ್ರ ಹತ್ತಿರ ತರಬಾರದು. ಇದು ಮೊದಲನೇ ದಿನ ಕಲಿಸುವ ಪಾಠ. ಆ ದಿನ ನನ್ನ ಜೇಬಿನಲ್ಲಿ ನಿನ್ನ ಅಜ್ಜಿಯ ಕಾಗದವಿತ್ತು, ಮದುವೆಗೆ ಒಪ್ಪಿಗೆ ಎಂದು ಬರೆದಿದ್ದಳು. ಅದನ್ನು ಹನ್ನೆರಡನೇ ಸಲ ಓದುತ್ತ ಗುಡಿಸುವುದನ್ನು ಮರೆತೆ. ಹೊತ್ತಿಕೊಂಡಿತು. ಮರಳು ಬಿಟ್ಟು ಕೈಯಲ್ಲಿದ್ದ ಚಹಾ ಎರಚಿದೆ. ಎದುರಿಗೆ ಸೂರ್ಯನೇ ಬಂದಂತಾಯಿತು.

ಕಣ್ಣು ಉಳಿಯಿತು. ಹುಬ್ಬು ಉಳಿಯಲಿಲ್ಲ. ಎರಡು ವಾರದ ಮೇಲೆ ನಿಶ್ಚಿತಾರ್ಥದ ಫೋಟೋ. ಗೆರ್ಲಿಂಡ ತನ್ನ ಕಪ್ಪು ಪೆನ್ಸಿಲಿನಲ್ಲಿ ನನಗೆ ಹುಬ್ಬು ಬರೆದಳು, ನಗುತ್ತ ಬರೆದದ್ದರಿಂದ ಒಂದು ಮೇಲೆ ಹೋಯಿತು, ಒಂದು ಕೆಳಗೆ ಬಂತು. ಹಜಾರದ ಗೋಡೆಯ ಮೇಲಿರುವ ಫೋಟೋ ಅದೇ. ಅಜ್ಜ ಯಾಕೆ ಆಶ್ಚರ್ಯಪಡುತ್ತಿದ್ದಾನೆ ಎಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಫೋಟೋ ತೆಗೆಯುವವನು ಏನೋ ಹೇಳಿದ ಎನ್ನುತ್ತಿದ್ದೆ.

ಆಮೇಲೆ ಊರಿಗೆ ಬಂದು ಸ್ಟೀಲ್ ಹಿಡಿದವನು ಇನ್ನೊಂದು ಲೋಹ ಮುಟ್ಟಲಿಲ್ಲ. ಆ ಲೋಹ ಈಗ ನಿನ್ನ ಕೈಯೊಳಗಿದೆ ಎಂದು ಓದಿದಾಗ ನಾನು ಏನು ಬರೆಯಲಿ?

ನನ್ನ ಹತ್ತಿರ ಕೆಲಸ ಕಲಿತ ಬೆರ್ಟೋಲ್ಡ್ ಈಗ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವನಿಂದ ಎರಡು ತುಂಡು ತಂದೆ. ಒಂದು ಬರೀ ಮೆಗ್ನೀಸಿಯಂ. ಇನ್ನೊಂದು ಬೇರೆ ಲೋಹಗಳನ್ನು ಚೂರು ಚೂರು ಬೆರೆಸಿದ್ದು, ನಿನ್ನ ಕೈಯಲ್ಲಿರುವಂಥದ್ದು. ಎರಡು ಉಪ್ಪಿನಕಾಯಿ ಭರಣಿ, ಉಪ್ಪುನೀರು, ಮೈಯಷ್ಟೇ ಬಿಸಿ. ದಿನಾ ಬೆಳಿಗ್ಗೆ ಆರಕ್ಕೆ ಮೈಕ್ರೋಮೀಟರಿನಲ್ಲಿ ಅಳೆದೆ. ಬರೀ ಮೆಗ್ನೀಸಿಯಂ ಸೋಡಾದಂತೆ ನೊರೆಯಾಯಿತು, ಎಂಟು ದಿನದಲ್ಲಿ ಐದು ಮಿಲಿಮೀಟರ್ ಇದ್ದದ್ದು ನಾಲ್ಕೂವರೆಗೆ ಬಂತು. ಬೆರಕೆಯದು ಮೈಮೇಲೆ ಬಿಳಿ ಸಿಪ್ಪೆ ಕಟ್ಟಿಕೊಂಡು, ಆಗೊಂದು ಈಗೊಂದು ಗುಳ್ಳೆ ಬಿಡುತ್ತ, ಕೂದಲಿನಷ್ಟು ಸವೆಯಿತು. ಅದಕ್ಕೆ ಅವಸರವಿಲ್ಲ. ಮೈಯೊಳಗೆ ಕಿಡಿಯೂ ಇಲ್ಲ, ಗಾಳಿಯೂ ಇಲ್ಲ, ನಿನ್ನ ಕೈ ಹೊತ್ತಿಕೊಳ್ಳುವುದಿಲ್ಲ. ಇದನ್ನು ನಿನಗಿಂತ ಮೊದಲು ನನಗೆ ನಾನು ಹೇಳಿಕೊಳ್ಳಬೇಕಾಗಿತ್ತು.

ಆದರೆ ನೀರಿನಲ್ಲಾದರೆ ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಮೈಯೊಳಗೆ ಎಲ್ಲಿಗೆ ಹೋಗುತ್ತದೆ? ಅದಕ್ಕೆ ಜೆಲ್ಲಿ ಬೇಕಾಯಿತು. ಬೆರ್ಟೋಲ್ಡ್ ಬೆರಕೆ ತುಂಡಿಗೆ ಥ್ರೆಡ್ ಕೊಯ್ದು ಕೊಟ್ಟ. ಶ್ರೀಮತಿ ಎಪ್ಲೆ ಅವರ ಹಂದಿಕಾಲಿನ ಜೆಲ್ಲಿಗೆ ಇನ್ನಷ್ಟು ಉಪ್ಪು ಹಾಕಿ ಮತ್ತೆ ಹೆಪ್ಪುಗಟ್ಟಿಸಿ, ಸ್ಕ್ರೂ ಅನ್ನು ನಡುವೆ ತಿರುಗಿಸಿ, ತಣ್ಣನೆಯ ಕಿಟಕಿಯ ಕಟ್ಟೆಯಲ್ಲಿಟ್ಟೆ. ನಾಲ್ಕನೇ ದಿನ ಅದರ ಸುತ್ತ ಗುಳ್ಳೆ ನಿಂತಿತ್ತು. ಬೆಳಕಿಗೆ ಹಿಡಿದರೆ ಉಂಗುರ. ಜೆಲ್ಲಿ ಎಲ್ಲೂ ಕಡಿಮೆಯಾಗಿರಲಿಲ್ಲ, ಅನಿಲ ಅದನ್ನು ಪಕ್ಕಕ್ಕೆ ಒತ್ತಿ ಕುಳಿತಿತ್ತು ಅಷ್ಟೆ. ಸ್ಕ್ರೂ ಎಳೆದೆ. ಬರಲಿಲ್ಲ. ಇದನ್ನು ಶ್ರೀಮತಿ ಎಪ್ಲೆ ನೋಡಿದರು. "ತಿನ್ನೋ ಪದಾರ್ಥಕ್ಕೆ ಸ್ಕ್ರೂ ಹೊಡೆಯೋ ಗಂಡಸ್ನ ಇವತ್ತೇ ನೋಡಿದ್ದು" ಎಂದರು.

ಅದಾಗಿ ಮೂರು ದಿನಕ್ಕೆ ನಿನ್ನ ಚಿತ್ರ ಬಂತು. ಅದೇ ಉಂಗುರ.

ಸ್ಟೀಲ್ ಸುತ್ತ ಇಂಥ ಕಪ್ಪು ಕಂಡರೆ ಸ್ಕ್ರೂ ಸಡಿಲವಾಗಿದೆ ಎಂದೇ ಅರ್ಥ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ. ಡಾಕ್ಟರ್ ಕ್ನೂಪ್ ಅವರ ಕಣ್ಣೂ ನನ್ನ ಕಣ್ಣಿನಂತೆ ಸ್ಟೀಲ್ ನೋಡಿ ಪಳಗಿದ್ದು. ಆದರೆ ಸಡಿಲವಾದ ಸ್ಕ್ರೂ ಸುಮ್ಮನಿರುವುದಿಲ್ಲ, ವಾಲುತ್ತದೆ, ಹಿಂದೆ ಸರಿಯುತ್ತದೆ. ಎರಡೂ ಚಿತ್ರವನ್ನು ಕಿಟಕಿಗೆ ಅಂಟಿಸಿ ಕೈವಾರದಲ್ಲಿ ಅಳೆದೆ. ಸ್ಕ್ರೂವಿನ ಎರಡೂ ತುದಿಯಿಂದ ಎಲುಬಿನ ಅಂಚಿಗೆ, ಆರು ಸಲ. ಅದು ಸರಿದಿಲ್ಲ, ರೀಕೆ. ಮುರಿದ ಗೆರೆ ಎರಡನೆಯದರಲ್ಲಿ ಮಸುಕಾಗಿದೆ.

ನಾನು ಡಾಕ್ಟರಲ್ಲ. ಜೆಲ್ಲಿ ಎಲುಬಲ್ಲ. ಕೈ ಬಿಸಿಯಾಗಿದೆಯೇ, ಜ್ವರವಿದೆಯೇ, ನೋವು ದಿನದಿಂದ ದಿನಕ್ಕೆ ಏರುತ್ತಿದೆಯೇ, ನೋಡಿಕೋ. ಇದ್ದರೆ ನಾನು ಬರೆದದ್ದನ್ನೆಲ್ಲ ಹರಿದು ಹಾಕಿ ಅವತ್ತೇ ಆಸ್ಪತ್ರೆಗೆ ಹೋಗು. ಇಲ್ಲದಿದ್ದರೆ ಈಸ್ಟರ್ ಮುಗಿದ ದಿನ ಡಾಕ್ಟರ್ ಸೀವರ್ಸ್ ಮುಂದೆ ಕುಳಿತು, ಅಡ್ಡಡ್ಡ ಸೀಳಿದಂತೆ ತೋರಿಸುವ ಆ ಇನ್ನೊಂದು ಸ್ಕ್ಯಾನ್ ಮಾಡಿಸು. ನನ್ನ ಅಳತೆಗಳನ್ನು ಹಿಂಬದಿಯಲ್ಲಿ ಬರೆದಿದ್ದೇನೆ, ಅವರಿಗೆ ಕೊಡು.

ಹೌಕೆ, ನಿನ್ನ ಚೀಟಿ ತಲುಪಿತು. ಅದರಲ್ಲಿ ಸಾಲು ವಾಲಿದೆ. ಪರವಾಗಿಲ್ಲ.

ಅಜ್ಜ

---

ಹ್ಯಾನೋವರ್, 18 ಏಪ್ರಿಲ್ 2019

ಅಜ್ಜ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಹೌಕೆಯ ಹತ್ತಿರ ಮಾತು ಬಿಟ್ಟಿದ್ದೇನೆ. ಯಾವ ಚೀಟಿ ಎಂದು ಕೇಳಿದೆ. ಕೆಂಪಗಾದ. ಮಾತು ಬಿಟ್ಟು ಅರ್ಧ ಗಂಟೆಯಾಯಿತು, ಇದುವರೆಗಿನ ನಮ್ಮ ಅತಿ ದೀರ್ಘ ಜಗಳ.

ಕೈ ಬಿಸಿಯಿಲ್ಲ, ಜ್ವರವಿಲ್ಲ, ನೋವಂತೂ ಎರಡು ವಾರದಿಂದ ಇಳಿಯುತ್ತಲೇ ಇದೆ. ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಚಿತ್ರ ಹೇಳಿದ್ದೇ ನಿಜ ಎಂದುಕೊಂಡೆ.

ಡಾಕ್ಟರ್ ಕ್ನೂಪ್ ಅವರಿಗೆ ಫೋನ್ ಮಾಡಿದೆ. "ಯಾರು ಹೇಳಿದ್ದು, ನಿಮ್ಮಜ್ಜನಾ? ಏನ್ ಡಾಕ್ಟ್ರು ಅವ್ರು?" ಎಂದರು. ಲೇತ್ ಕೆಲಸದವರು ಎಂದೆ. ಇಪ್ಪತ್ತೊಂಬತ್ತರ ದಿನ ಹಾಗೇ ಇರಲಿ, ಇಪ್ಪತ್ತಮೂರಕ್ಕೆ ಸೀವರ್ಸ್ ನೋಡಲಿ, ತಾವೂ ಬರುವುದಾಗಿ ಹೇಳಿದರು.

ಐದು ದಿನ. ಅಜ್ಜ, ನೀನು ಅಳೆದದ್ದು ತಪ್ಪಾಗಿದ್ದರೂ ಸರಿ, ಆರು ಸಲ ಅಳೆದೆಯಲ್ಲ. ನಾನು ಅಲಮಾರಿನ ಮೇಲಿಂದ ಕೀಲಿ ಇಳಿಸಲು ಹೌಕೆಗೆ ಹೇಳಬೇಕು. ಅಂದರೆ ಮಾತಾಡಬೇಕು. ಸರಿ, ಆಡುತ್ತೇನೆ.

ರೀಕೆ

---

ಹ್ಯಾನೋವರ್, 25 ಏಪ್ರಿಲ್ 2019

ನನ್ನ ಬಂಗಾರದ ಅಜ್ಜ,

ಇದು ಬಲಗೈ. ನೋಡು, ನನ್ನದೇ ಅಕ್ಷರ, ಕೋಳಿ ಕೆದರಿದಂತಿದೆ, ಆದರೂ ನನ್ನದೇ.

ಎಲುಬು ಕೂಡಿಕೊಂಡಿದೆ. ಸ್ಕ್ಯಾನ್‌ನಲ್ಲಿ ಮುರಿದ ಗೆರೆಯ ಮೇಲೆ ಈ ದಡದಿಂದ ಆ ದಡಕ್ಕೆ ಎಲುಬು ಸೇತುವೆ ಕಟ್ಟಿದೆ. ಸ್ಕ್ರೂ ಇದ್ದಲ್ಲೇ ಇದೆ. ಕಪ್ಪು ಉಂಗುರ ಅನಿಲವೇ, ಈಗಾಗಲೇ ಎರಡು ವಾರದ ಹಿಂದಿನದಕ್ಕಿಂತ ಸಣ್ಣದಾಗಿದೆ. ಮೈಯ ನೀರು ತಗುಲಿ ಮೆಗ್ನೀಸಿಯಂ ಕರಗುವಾಗ ಹೈಡ್ರೋಜನ್ ಬರುತ್ತದೆ, ಮೊದಲ ವಾರಗಳಲ್ಲಿ ರಕ್ತ ಅದನ್ನು ಸಾಗಿಸುವುದಕ್ಕಿಂತ ಬೇಗ ಬರುವುದರಿಂದ ಅಲ್ಲೇ ನಿಲ್ಲುತ್ತದೆ, ನಿಧಾನಕ್ಕೆ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ ಎಂದು ಡಾಕ್ಟರ್ ಸೀವರ್ಸ್ ಹೇಳಿದರು. ಆಗಿನಿಂದ ನಾನು ನಿಟ್ಟುಸಿರು ಬಿಟ್ಟಾಗಲೆಲ್ಲ ಹೌಕೆ "ಬಂತಾ ಸ್ಕ್ರೂ?" ಎನ್ನುತ್ತಾನೆ.

ಶಸ್ತ್ರಚಿಕಿತ್ಸೆ ಇಲ್ಲ. ಇಪ್ಪತ್ತೊಂಬತ್ತರ ದಿನವನ್ನು ಡಾಕ್ಟರ್ ಕ್ನೂಪ್ ತಾವೇ ಹೊಡೆದುಹಾಕಿದರು. ನಿನ್ನ ಅಳತೆಗಳನ್ನು ಕನ್ನಡಕ ಏರಿಸಿ ಎರಡು ಸಲ ಓದಿ, ಸ್ಕ್ಯಾನ್ ಜೊತೆ ಹೋಲಿಸಿ ನೋಡಿ, "ನಾನೇ ತಪ್ಪು ಓದ್ದೆ" ಎಂದು ನನಗೆ ಕೈ ಮುಂದೆ ಮಾಡಿದರು. ಎಡಗೈ. ಆಮೇಲೆ ಮೀಸೆ ಸವರಿಕೊಂಡು, ಜೆಲ್ಲಿಗೆ ಉಪ್ಪು ಎಷ್ಟು ಹಾಕಿದ್ದರು ಎಂದು ಕೇಳಿ ತಿಳಿಸಬೇಕೆಂದರು. ತಮಾಷೆಯಲ್ಲ, ಬರೆದುಕೊಳ್ಳಲು ಪೆನ್ನು ತೆಗೆದಿದ್ದರು.

ದಿನಕ್ಕೆ ಹತ್ತು ನಿಮಿಷ ಕೀಲಿ ಹಿಡಿಯಲು ಒಪ್ಪಿಗೆ ಸಿಕ್ಕಿದೆ. ನಿನ್ನೆ ಮನೆಯ ಪಿಯಾನೋದಲ್ಲಿ ಒಂದೇ ಒಂದು ತಂತಿ ಸರಿಮಾಡಿದೆ. ಇನ್ನು ಚೂರೇ ಚೂರು ತಿರುಗಿಸಿ ನಿಲ್ಲಿಸಬೇಕಾದ ಆ ಕಡೆಯ ಗಳಿಗೆಯಲ್ಲಿ ಮಣಿಕಟ್ಟು ನಿಲ್ಲಬೇಕಾದಲ್ಲೇ ನಿಂತಿತು. ಹೌಕೆ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಸಂಗೀತ ಶಾಲೆಗೆ ಫೋನ್ ಮಾಡಿ, ಮೂವತ್ತೆರಡನ್ನೂ ನನಗೇ ಇಡಿ ಎಂದು ಹೇಳಿದ್ದೇನೆ.

ಹುಬ್ಬಿನ ವಿಷಯ ಓದುವಾಗ ನಾನು ನಕ್ಕ ಸದ್ದಿಗೆ ಮೇಲಿನ ಮನೆಯವರು ನೆಲ ತಟ್ಟಿದರು. ಆಮೇಲೆ ಅಜ್ಜಿಯ ಕಾಗದ ಜೇಬಿನಲ್ಲಿಟ್ಟುಕೊಂಡು ನಮ್ಮ ಊರಿನಲ್ಲಿ ಓಡಾಡಿದ ಇಪ್ಪತ್ತೊಂದರ ಹುಡುಗನನ್ನು ನೆನೆದು ಆ ಸಾಲುಗಳನ್ನು ಮತ್ತೊಮ್ಮೆ ಓದಿದೆ. ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ ಎಂದು ನಾನು ಅಳುತ್ತಿದ್ದ ಅಷ್ಟೂ ದಿನ ನೀನು ಬೆಳಿಗ್ಗೆ ಆರಕ್ಕೆ ಎದ್ದು ನನಗಾಗಿ ಅಳೆಯುತ್ತಿದ್ದೆ. ಇನ್ನು ಮೇಲೆ ಹೆದರಿಕೆಯಾದರೆ ಹೆದರಿಕೆ ಎಂದು ಒಂದೇ ಪದ ಬರೆ, ಸಾಕು. ನಾನೂ ಹಾಗೇ ಮಾಡುತ್ತೇನೆ.

ಈಗ ನಿನ್ನ ಎದುರಿಗೇ ಕುಳಿತು ಮಾತಾಡಬೇಕು. ಹೌಕೆಗೆ ನಾಲ್ಕು ದಿನ ರಜೆ ಸಿಕ್ಕಿದೆ. ತಾನು ಓಡಿಸದ ಬಂಡಿಯಲ್ಲಿ ಇಷ್ಟು ದೂರ ಕೂರುವುದು ಅವನಿಗೆ ಇದೇ ಮೊದಲು, ಈಗಲೇ ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿದ್ದಾನೆ. ನಿಲ್ದಾಣಕ್ಕೆ ಬಾ. ಮೊದಲು ಅವನನ್ನು ಅಪ್ಪಿಕೋ, ಆಮೇಲೆ ನನ್ನ ಬಲಗೈ ಹಿಡಿದು ಗಟ್ಟಿಯಾಗಿ ಕುಲುಕು, ನಾಜೂಕು ಬೇಡ. ಮೇ ಹನ್ನೊಂದು, ಶನಿವಾರ. ಹ್ಯಾನೋವರಿನಿಂದ ಬೆಳಿಗ್ಗೆ 8.41ರ ಸ್ಟುಟ್‌ಗಾರ್ಟ್ ಎಕ್ಸ್‌ಪ್ರೆಸ್, ಅಲ್ಲಿಳಿದು ಮಧ್ಯಾಹ್ನ 1.18ಕ್ಕೆ ಝಿಂಗನ್ ಕಡೆ ಹೋಗುವ ರೈಲು. ಟುಟ್ಲಿಂಗನ್‌ಗೆ 2.47ಕ್ಕೆ ಬರುತ್ತೇವೆ, ಮೂರನೇ ಡಬ್ಬಿಯಲ್ಲಿ.